ನಿಂತು ಕೆಟ್ಟ ಕಾರು, ಮತ್ತೆ ಓಡುವ ಬಗೆ

1961ರಲ್ಲಿ ಬ್ರಿಟನ್ನಿನ ಲೇಲ್ಯಾಂಡ್ ಕಂಪನಿ, ಹಣದ ಮುಗ್ಗಟ್ಟಿನಲ್ಲಿದ್ದ ಸ್ಟ್ಯಾಂಡರ್ಡ್-ಟ್ರಯಂಫ್ ಕಾರು ಕಂಪನಿಯನ್ನು ಕೊಂಡುಕೊಂಡಿತು. ಕೊಂಡದ್ದರಲ್ಲಿ ಏನೇನಿದೆ ಎಂದು ನೋಡಲು ಹೊರಟ ಲೇಲ್ಯಾಂಡ್ ಅಧಿಕಾರಿಗಳಿಗೆ ಕಾರ್ಖಾನೆಯ ಮೂಲೆಯೊಂದರಲ್ಲಿ ಬಟ್ಟೆ ಮುಚ್ಚಿಟ್ಟಿದ್ದ ಪುಟ್ಟ ಕಾರೊಂದು ಕಂಡಿತು. ಇಟಲಿಯ ವಿನ್ಯಾಸಕಾರ ಜೊವಾನಿ ಮಿಕೆಲೊಟ್ಟಿ ರೂಪಿಸಿದ್ದ ಎರಡು ಸೀಟಿನ ತೆರೆದ ಕಾರು ಅದು. ಕಂಪನಿಯ ಕೈಯಲ್ಲಿ ಕಾಸಿಲ್ಲದೆ ಕೆಲಸ ಅರ್ಧಕ್ಕೇ ನಿಂತಿತ್ತು. ಹೊಸ ಯಜಮಾನರು ಒಪ್ಪಿಗೆ ಕೊಟ್ಟರು. 1962ರ ಅಕ್ಟೋಬರಿನಲ್ಲಿ ಅದು ‘ಟ್ರಯಂಫ್ ಸ್ಪಿಟ್‌ಫೈರ್’ ಎಂಬ ಹೆಸರು ಹೊತ್ತು ಲಂಡನ್ನಿನ ಮೋಟಾರು ಪ್ರದರ್ಶನಕ್ಕೆ ಬಂತು. ಎರಡನೇ ಮಹಾಯುದ್ಧದ ಪ್ರಸಿದ್ಧ ಯುದ್ಧವಿಮಾನದ ಹೆಸರದು. 1980ರಲ್ಲಿ ತಯಾರಿಕೆ ನಿಲ್ಲುವ ಹೊತ್ತಿಗೆ ಮೂರು ಲಕ್ಷಕ್ಕೂ ಹೆಚ್ಚು ಸ್ಪಿಟ್‌ಫೈರ್‌ಗಳು ರಸ್ತೆಗಿಳಿದಿದ್ದವು.

ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಮನೆಯ ಗ್ಯಾರೇಜಿನಲ್ಲೇ ಎಬ್ಬಿಸಿ ನಿಲ್ಲಿಸಬೇಕೆಂದು ಹೊರಡುವ ಬ್ರಿಟಿಷರಲ್ಲಿ ಬಹಳ ಮಂದಿ ಇಂದಿಗೂ ಮೊದಲು ನೋಡುವುದು ಈ ಕಾರನ್ನೇ. ತೂಕ ಸುಮಾರು 700 ಕಿಲೋ. ಮೊದಲ ಮಾದರಿಯದು 1147 ಸಿಸಿಯ ಸರಳ ನಾಲ್ಕು ಸಿಲಿಂಡರ್ ಎಂಜಿನ್. ಚಾಸಿ ಬೇರೆ, ಬಾಡಿ ಬೇರೆ. ಎರಡನ್ನೂ ಬೋಲ್ಟುಗಳು ಹಿಡಿದಿರುತ್ತವೆ. ಹೆಡ್‌ಲೈಟು, ಮಡ್‌ಗಾರ್ಡು ಸಮೇತ ಇಡೀ ಮುಂಭಾಗವೇ ಒಂದು ಬಾನೆಟ್ ಆಗಿ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಆಗ ಮುಂದಿನ ಚಕ್ರದ ಮೇಲೇ ಕೂತು ಎಂಜಿನ್ ಕೆಲಸ ಮಾಡಬಹುದು. ಬಿಡಿಭಾಗಗಳು ಈಗಲೂ ಸಿಗುತ್ತವೆ. ಟ್ರಯಂಫ್ ಸ್ಪೋರ್ಟ್ಸ್ ಸಿಕ್ಸ್ ಕ್ಲಬ್ಬಿನಂಥ ಮಾಲೀಕರ ಸಂಘಗಳು 1970ರ ದಶಕದಿಂದಲೂ ಈ ಕಾರುಗಳ ತಿಳಿವಳಿಕೆಯನ್ನು ಕಾಪಿಟ್ಟುಕೊಂಡು ಬಂದಿವೆ.

ಕರ್ನಾಟಕದಲ್ಲಿ ಸ್ಪಿಟ್‌ಫೈರ್ ನೋಡಿದವರು ಕಡಿಮೆ. ಆದರೆ ಅದರ ಹೊಟ್ಟೆಯೊಳಗಿನದನ್ನು ನೋಡಿದವರು ಬೇಕಾದಷ್ಟಿದ್ದಾರೆ. ಟ್ರಯಂಫ್ ಹೆರಾಲ್ಡ್ ಕಾರಿನ ಚಾಸಿಯನ್ನೇ ಗಿಡ್ಡಮಾಡಿ ಸ್ಪಿಟ್‌ಫೈರ್ ಕಟ್ಟಿದ್ದು. ಅದೇ ಹೆರಾಲ್ಡ್ ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಾರ್ಖಾನೆಯಿಂದ 1961ರ ನಂತರ 948 ಸಿಸಿ ಎಂಜಿನ್ನಿನೊಂದಿಗೆ ‘ಸ್ಟ್ಯಾಂಡರ್ಡ್ ಹೆರಾಲ್ಡ್’ ಆಗಿ ನಮ್ಮ ಊರುಗಳಿಗೂ ಬಂತು. ಅದೇ ಮಗುಚುವ ಬಾನೆಟ್, ಅದೇ ಮುಂದಿನ ಸಸ್ಪೆನ್ಷನ್, ಹಿಂದೆ ಅದೇ ಅಡ್ಡಪಟ್ಟಾ (ಲೀಫ್ ಸ್ಪ್ರಿಂಗ್). 25 ಅಡಿ ಜಾಗದಲ್ಲಿ ಪೂರಾ ಸುತ್ತು ಹೊಡೆಯುತ್ತಿದ್ದ ಅದರ ಸ್ಟಿಯರಿಂಗನ್ನು ಹಳಬರು ಇವತ್ತಿಗೂ ಹೊಗಳುತ್ತಾರೆ. ಆದ್ದರಿಂದ ಸ್ಪಿಟ್‌ಫೈರ್ ರಿಪೇರಿಯ ಪಾಠದಲ್ಲಿ ಮುಕ್ಕಾಲು ಭಾಗ ನಮ್ಮ ಶೆಡ್ಡುಗಳಲ್ಲಿ ನಿಂತಿರುವ ಹೆರಾಲ್ಡ್‌ಗೂ ಒಪ್ಪುತ್ತದೆ.

ನಿಂತಾಗ ಆಗುವುದೇನು?

ಹಳೆಯ ಕಾರು ಓಡಿ ಓಡಿ ಸವೆದುಹೋಗಿದೆ ಎಂದು ನಾವು ಭಾವಿಸುತ್ತೇವೆ. ಗ್ಯಾರೇಜಿನಲ್ಲಿ ಬಿಚ್ಚಿ ನೋಡಿದರೆ ಬೇರೆಯೇ ಕಥೆ ಹೊರಬರುತ್ತದೆ. ಓಡಿ ಸವೆದದ್ದಕ್ಕೆ ಅಳತೆ ಇದೆ, ಬದಲಿ ಭಾಗ ಇದೆ. ನಿಂತು ಕೆಟ್ಟದ್ದಕ್ಕೆ ಅಳತೆಯಿಲ್ಲ. ಅದು ಒಂದೇ ಸಲ ಎಲ್ಲ ಕಡೆಯಿಂದ ಬಂದಿರುತ್ತದೆ.

ಎಂಜಿನ್ ಓಡುವಾಗ ಸಿಲಿಂಡರಿನ ಗೋಡೆಗೆ ಆಯಿಲಿನ ಪದರ ಹತ್ತಿಕೊಂಡಿರುತ್ತದೆ. ವರ್ಷಗಟ್ಟಲೆ ನಿಂತರೆ ಆ ಪದರ ಕೆಳಗಿಳಿದು ಕಬ್ಬಿಣ ಬರಿದಾಗುತ್ತದೆ. ತೆರೆದುಕೊಂಡ ವಾಲ್ವಿನ ದಾರಿಯಲ್ಲಿ ತೇವ ಒಳಹೊಕ್ಕು ಪಿಸ್ಟನ್ ರಿಂಗುಗಳನ್ನು ಗೋಡೆಗೆ ಅಂಟಿಸುತ್ತದೆ. ಬ್ರೇಕ್ ಆಯಿಲಿಗೆ ಗಾಳಿಯ ತೇವವನ್ನು ಹೀರುವ ಗುಣವಿದೆ. ಹೀರಿದ ನೀರು ಬ್ರೇಕ್ ಸಿಲಿಂಡರನ್ನು ಒಳಗಿನಿಂದಲೇ ಕೊರೆಯುತ್ತದೆ. ಪೆಟ್ರೋಲು ಹಳಸಿ ಅಂಟಾಗಿ ಕಾರ್ಬೊರೇಟರಿನ ಜೆಟ್ಟುಗಳಲ್ಲಿ ಕೂರುತ್ತದೆ. ಕ್ಲಚ್ ಪ್ಲೇಟು ಫ್ಲೈವೀಲಿಗೆ ಕಚ್ಚಿಕೊಳ್ಳುತ್ತದೆ. ರಬ್ಬರು ಸೀಳುತ್ತದೆ. ಇಲಿಗಳು ಸೀಟಿನ ಸ್ಪಂಜಿನಲ್ಲಿ ಗೂಡು ಮಾಡಿ ವೈರುಗಳನ್ನು ಕಡಿದುಹಾಕುತ್ತವೆ. ಮಳೆ ತಾಗದಿರಲೆಂದು ಹೊದಿಸಿದ ಪ್ಲಾಸ್ಟಿಕ್ ಟರ್ಪಾಲೂ ಕೇಡೇ. ಒದ್ದೆ ಬಟ್ಟೆಯನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟ ಹಾಗೆ, ನೆಲದಿಂದೇಳುವ ತೇವವನ್ನು ಅದು ಒಳಗೇ ಹಿಡಿದಿಡುತ್ತದೆ.

ಬ್ರಿಟನ್ನಿನಲ್ಲಿ ಚಳಿಗಾಲದ ಮಂಜುಗಡ್ಡೆ ಕರಗಲೆಂದು ರಸ್ತೆಗೆ ಉಪ್ಪು ಚೆಲ್ಲುತ್ತಾರೆ. ಚಕ್ರ ಎರಚಿದ ಉಪ್ಪುನೀರು ಕಾರಿನ ಅಡಿಯ ಸಂದುಗಳಲ್ಲಿ ಕೂತು, ಕಾರು ನಿಂತ ಮೇಲೂ ತಿನ್ನುತ್ತಲೇ ಇರುತ್ತದೆ. ಉಪ್ಪುಗಾಳಿಯ ಕಾರವಾರ, ಉಡುಪಿ, ಮಂಗಳೂರುಗಳಲ್ಲೂ ತಿಂಗಳುಗಟ್ಟಲೆ ಮಳೆ ಸುರಿಯುವ ಮಲೆನಾಡಿನಲ್ಲೂ ಕಾರುಗಳಿಗೆ ಇದೇ ಕಷ್ಟ. ಹಾಗಾಗಿ ಹಳೆಯ ಕಾರನ್ನು ಎಬ್ಬಿಸುವುದೆಂದರೆ ನಿಂತಾಗ ಆದ ಕೇಡನ್ನು ಒಂದೊಂದಾಗಿ, ಸರಿಯಾದ ಕ್ರಮದಲ್ಲಿ ಹಿಂದಕ್ಕೆ ತಿರುಗಿಸುವ ಕೆಲಸ. ಆ ಕ್ರಮ ತಪ್ಪಿದರೆ ದುಡ್ಡೂ ಹೋಗುತ್ತದೆ, ಕಾರೂ ಹೋಗುತ್ತದೆ.

ಮೊದಲ ದಿನ ಚಾವಿ ಮುಟ್ಟಬೇಡಿ

ಕಾರು ಮನೆಗೆ ಬಂದ ದಿನವೇ ಹೊಸ ಬ್ಯಾಟರಿ ಹಾಕಿ ಸ್ಟಾರ್ಟ್ ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ತುಕ್ಕು ಹಿಡಿದ ಸಿಲಿಂಡರಿನಲ್ಲಿ ಪಿಸ್ಟನ್ನನ್ನು ಬಲವಂತವಾಗಿ ಎಳೆದಾಡಿದರೆ ರಿಂಗು ಮುರಿಯುತ್ತದೆ. ಬರೀ ಸ್ವಚ್ಛ ಮಾಡಿದ್ದರೆ ಉಳಿಯಬಹುದಾಗಿದ್ದ ಎಂಜಿನ್ ಲೇತಿಗೆ ಹೋಗಬೇಕಾಗುತ್ತದೆ. ಮೊದಲ ದಿನಗಳು ನೋಡುವುದಕ್ಕೆ, ಬರೆದುಕೊಳ್ಳುವುದಕ್ಕೆ ಮೀಸಲಾಗಿರಲಿ.

ಸ್ಪಿಟ್‌ಫೈರ್‌ನ ಕಾರ್ಖಾನೆ ನಂಬರಿನ ಫಲಕದಲ್ಲಿರುವ ಅಕ್ಷರಗಳೇ ಅದರ ಕಾಲ ಹೇಳುತ್ತವೆ: ‘ಎಫ್‌ಸಿ’ ಎಂದಿದ್ದರೆ ಮೊದಲ ಎರಡು ಮಾದರಿಗಳಲ್ಲಿ ಒಂದು, ‘ಎಫ್‌ಡಿ’ ಎಂದಿದ್ದರೆ ಮೂರನೆಯದು, ‘ಎಫ್‌ಎಚ್’ ಎಂದಿದ್ದರೆ ಆಮೇಲಿನದು. ಎಂಜಿನ್ ನಂಬರಿನಲ್ಲೂ ಇಂಥ ಅಕ್ಷರಗಳಿರುವುದರಿಂದ, ಹುಟ್ಟಿದಾಗಿನ ಎಂಜಿನ್ನೇ ಒಳಗಿದೆಯೋ ನಡುವೆ ಬದಲಾಗಿದೆಯೋ ಎಂಬ ಮೊದಲ ಸುಳಿವು ಅಲ್ಲೇ ಸಿಗುತ್ತದೆ. ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಮ್ಮಿನ ದಾಖಲೆ ವಿಭಾಗ ಕಾರ್ಖಾನೆಯ ಹಳೆಯ ಲೆಕ್ಕಪುಸ್ತಕ ನೋಡಿ ಕಾರಿಗೊಂದು ಪ್ರಮಾಣಪತ್ರ ಕೊಡುತ್ತದೆ. ಮೂಲ ಬಣ್ಣ ಯಾವುದಿತ್ತೆಂದು ಪುಟ್ಟಿ ಕೆರೆದು ಊಹಿಸುವ ಕಷ್ಟ ಅದರಿಂದ ತಪ್ಪುತ್ತದೆ.

ಬಿಚ್ಚುವ ಮೊದಲು ಪ್ರತಿ ಭಾಗದ ಫೋಟೊ ತೆಗೆಯಬೇಕು. ಬಿಚ್ಚಿದ ಬೋಲ್ಟುಗಳನ್ನು ಆಯಾ ಭಾಗದ ಹೆಸರು ಬರೆದ ಚೀಲಕ್ಕೆ ಹಾಕಿಡಬೇಕು. ಇಡೀ ಕಾರನ್ನು ಒಂದೇ ಉಸಿರಿಗೆ ಬಿಚ್ಚಿ ಹರಡಿಕೊಂಡವರಲ್ಲಿ ಎಷ್ಟೋ ಮಂದಿ ಅದನ್ನು ಹಾಗೆಯೇ ಡಬ್ಬಗಳಲ್ಲಿ ತುಂಬಿ ಮಾರಿಬಿಡುತ್ತಾರೆ. ಒಂದು ಭಾಗ ಬಿಚ್ಚಿ, ಸರಿಮಾಡಿ, ಜೋಡಿಸಿ, ಆಮೇಲೆ ಮುಂದಿನದಕ್ಕೆ ಕೈ ಹಾಕುವುದು ಮನೆಯ ಗ್ಯಾರೇಜಿಗೆ ಒಗ್ಗುವ ದಾರಿ.

ಬಾಗಿಲ ಕೆಳಗಿನ ಪೆಟ್ಟಿಗೆ

ಹೆರಾಲ್ಡ್ ಚಾಸಿಗೆ ಎರಡೂ ಪಕ್ಕದಲ್ಲಿ ಚಾಚಿಕೊಂಡ ಕಬ್ಬಿಣದ ತೋಳುಗಳಿದ್ದವು. ಸ್ಪಿಟ್‌ಫೈರ್‌ಗೆ ನಡುವಿನ ಬೆನ್ನುಮೂಳೆ ಮಾತ್ರ ಉಳಿಸಿ ಆ ತೋಳುಗಳನ್ನು ತೆಗೆದುಹಾಕಿದರು. ಅವು ಹೊರುತ್ತಿದ್ದ ಭಾರ ಬಾಗಿಲ ಕೆಳಗೆ ಉದ್ದಕ್ಕೂ ಹೋಗುವ ‘ಸಿಲ್’ ಎಂಬ ತಗಡಿನ ಪೆಟ್ಟಿಗೆಯ ಮೇಲೆ ಬಿತ್ತು. ಮೇಲೆ ಛಾವಣಿಯೂ ಇಲ್ಲದ ಕಾರು. ಬಾಡಿಯ ಬಿಗಿ ನಿಂತಿರುವುದೇ ಈ ಸಿಲ್ ಮೇಲೆ. ಕಾರಿನಲ್ಲಿ ಮೊದಲು ತುಕ್ಕು ಹಿಡಿಯುವುದೂ ಅದಕ್ಕೇ. ಹೊರತಗಡು, ನಡುವೆ ಬಲ ಕೊಡುವ ತಗಡು, ಒಳತಗಡು ಎಂದು ಮೂರು ಪದರ. ಒಳಗೆ ಸೇರಿದ ಕೆಸರು ನೀರು ಒಣಗಲು ದಾರಿಯಿಲ್ಲದೆ ಒಳಗಿನಿಂದಲೇ ತಿನ್ನುತ್ತಾ ಬರುತ್ತದೆ. ಹೊರಗೆ ಬಣ್ಣ ಗುಳ್ಳೆಯೆದ್ದು ಕಾಣುವ ಹೊತ್ತಿಗೆ ಒಳಗಿನದು ಮುಗಿದಿರುತ್ತದೆ.

ಪುಟ್ಟಿ ಮೆತ್ತಿ ಮುಚ್ಚಿದ ತುಕ್ಕನ್ನು ಕಂಡುಹಿಡಿಯಲು ಒಂದು ಚಿಕ್ಕ ಅಯಸ್ಕಾಂತ ಸಾಕು. ಅದು ಹಿಡಿಯದ ಕಡೆ ಕಬ್ಬಿಣವಿಲ್ಲ. ಆಮೇಲೆ ಸ್ಕ್ರೂಡ್ರೈವರಿನಿಂದ ಒತ್ತಿ ನೋಡಬೇಕು. ಸಿಲ್ ಪೂರಾ ಹೋಗಿದ್ದರೆ ಅದನ್ನು ಕತ್ತರಿಸುವ ಮುಂಚೆ ಬಾಗಿಲ ಜಾಗಕ್ಕೆ ಅಡ್ಡಲಾಗಿ ಕಬ್ಬಿಣದ ಪೈಪು ಬಿಗಿಯಬೇಕು. ಬಾಡಿ ಚಾಸಿಯ ಮೇಲೆಯೇ ಇರಬೇಕು. ಒಂದು ಪಕ್ಕ ಮುಗಿದ ಮೇಲೆಯೇ ಇನ್ನೊಂದು ಪಕ್ಕ ಮುಟ್ಟಬೇಕು. ಇದನ್ನು ಬಿಟ್ಟರೆ ಬಾಡಿ ನಡುವಿನಲ್ಲಿ ಕುಸಿಯುತ್ತದೆ. ಹೊಸ ಸಿಲ್ ಬೆಸೆದಾದ ಮೇಲೆ ಬಾಗಿಲು ಹಾಕಿಕೊಳ್ಳದಿದ್ದಾಗಷ್ಟೇ ಅದು ಗೊತ್ತಾಗುತ್ತದೆ. ವೆಲ್ಡಿಂಗನ್ನೂ ಒಂದೇ ಗೆರೆಯಾಗಿ ಎಳೆಯಬಾರದು. ಇಲ್ಲೊಂದು ಚುಕ್ಕೆ, ದೂರದಲ್ಲೊಂದು ಚುಕ್ಕೆ ಇಟ್ಟು, ಬಾಗಿಲು ಹಾಕಿ ಸಂದು ನೋಡಿ, ಮತ್ತೆ ಚುಕ್ಕೆ ಇಡಬೇಕು. ಹೀಗೆ ಮಾಡಿದರೆ ಬಿಸಿಗೆ ತಗಡು ಸೊಟ್ಟಗಾಗುವುದಿಲ್ಲ.

ಸೀಟುಗಳ ಹಿಂದೆ ಹಿಂಬದಿ ಚಕ್ರದ ತೋಳು ಬಾಡಿಗೆ ಕಚ್ಚಿಕೊಳ್ಳುವ ಜಾಗವಿದೆ. ಅಲ್ಲಿ ತುಕ್ಕು ಹಿಡಿದರೆ ಹಿಂದಿನ ಚಕ್ರವೇ ಅತ್ತಿತ್ತ ಸರಿಯುತ್ತದೆ. ಸ್ಪಿಟ್‌ಫೈರ್‌ನಲ್ಲಿ ಪೆಟ್ರೋಲ್ ಟ್ಯಾಂಕು ಇರುವುದು ಡಿಕ್ಕಿಯ ಅಡಿಯಲ್ಲಲ್ಲ, ಸೀಟುಗಳ ಬೆನ್ನ ಹಿಂದೆ. ಅಂದರೆ ಈ ವೆಲ್ಡಿಂಗ್ ನಡೆಯುವ ಜಾಗದ ಪಕ್ಕದಲ್ಲೇ. ಖಾಲಿ ಟ್ಯಾಂಕು ಅಪಾಯವಿಲ್ಲದ್ದೆಂದು ತಿಳಿಯಬೇಡಿ. ಅದರೊಳಗಿನ ಪೆಟ್ರೋಲಿನ ಆವಿ ಗಾಳಿಯೊಡನೆ ಬೆರೆತು ಒಂದು ಕಿಡಿಗೇ ಸಿಡಿಯಬಲ್ಲದು. ಟ್ಯಾಂಕು ಬಿಚ್ಚಿ ಗ್ಯಾರೇಜಿನಿಂದಲೇ ಆಚೆಗಿಟ್ಟ ನಂತರ ವೆಲ್ಡಿಂಗ್ ಹಚ್ಚಬೇಕು. ಜಾಕ್ ಮೇಲಷ್ಟೇ ನಿಂತ ಕಾರಿನ ಕೆಳಗೆ ಯಾವ ಕಾರಣಕ್ಕೂ ತೂರಬಾರದು. ನಾಲ್ಕೂ ಕಡೆ ಸ್ಟ್ಯಾಂಡು ಕೊಟ್ಟು, ಕಾರನ್ನು ಅಲುಗಾಡಿಸಿ ನೋಡಿ, ಆಮೇಲೆ ಇಳಿಯಬೇಕು. ಹಳೆಯ ಬ್ರೇಕ್ ಲೈನಿಂಗುಗಳಲ್ಲಿ ಆಸ್‌ಬೆಸ್ಟಾಸ್ ಇರುತ್ತಿತ್ತು. ಡ್ರಮ್ಮಿನ ಧೂಳನ್ನು ಗಾಳಿ ಹೊಡೆದು ಹಾರಿಸದೆ ಒದ್ದೆ ಮಾಡಿ ಒರೆಸಬೇಕು.

ಕ್ರ್ಯಾಂಕಿನ ಹಿಂದು ಮುಂದು

ಸ್ಪಿಟ್‌ಫೈರ್ ಎಂಜಿನ್ನಿನ ವಂಶ 1953ರ ಸ್ಟ್ಯಾಂಡರ್ಡ್ ಎಯ್ಟ್ ಕಾರಿನ 803 ಸಿಸಿ ಎಂಜಿನ್ನಿನಿಂದ ಶುರುವಾಗುತ್ತದೆ. ನಮ್ಮ ಹೆರಾಲ್ಡಿನ 948 ಸಿಸಿ, ಸ್ಪಿಟ್‌ಫೈರ್‌ನ 1147, ಆಮೇಲೆ 1296, ಕೊನೆಗೆ 1493 ಸಿಸಿ ಎಲ್ಲವೂ ಅದೇ ಬಳ್ಳಿಯ ಕಾಯಿಗಳು.

ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆದು ಸಿಲಿಂಡರುಗಳಿಗೆ ತೆಳು ಎಣ್ಣೆ ಬಿಟ್ಟು ಕೆಲವು ದಿನ ಕಾಯಬೇಕು. ಆಮೇಲೆ ಮುಂದಿನ ಪುಲ್ಲಿಗೆ ಸ್ಪ್ಯಾನರ್ ಹಾಕಿ ಕೈಯಿಂದ ಮೆಲ್ಲಗೆ ತಿರುಗಿಸಿ ನೋಡಬೇಕು. ತಿರುಗಿತೆಂದರೆ ಇನ್ನೊಂದು ಪರೀಕ್ಷೆ ಬಾಕಿ ಇದೆ. ಒಬ್ಬರು ಕ್ಲಚ್ ಒತ್ತಲಿ, ಇನ್ನೊಬ್ಬರು ಮುಂದಿನ ಪುಲ್ಲಿಯ ಮೇಲೆ ಕಣ್ಣಿಡಲಿ. ಕ್ಲಚ್ ಒತ್ತಿದಾಗ ಕ್ರ್ಯಾಂಕ್ ಮುಂದಕ್ಕೆ ಸರಿಯದಂತೆ ತಡೆಯಲು ಹಿಂದಿನ ಮೇನ್ ಬೇರಿಂಗಿನ ಬಳಿ ಅರ್ಧಚಂದ್ರದಾಕಾರದ ಎರಡು ತೆಳು ವಾಷರುಗಳಿವೆ. ಸರಿಯಿದ್ದ ಎಂಜಿನ್ನಿನಲ್ಲಿ ಈ ಸರಿದಾಟ ಮಿಲಿಮೀಟರಿನ ಹತ್ತನೇ ಒಂದೆರಡು ಪಾಲಿನಷ್ಟೇ. ಕಣ್ಣಿಗೇ ಕಾಣುವಷ್ಟು ಪುಲ್ಲಿ ಹಿಂದೆ ಮುಂದೆ ಹೋದರೆ ವಾಷರು ಸವೆದಿದೆ, ಇಲ್ಲವೇ ಕಳಚಿ ಕೆಳಗಿನ ಆಯಿಲ್ ತೊಟ್ಟಿಗೆ ಬಿದ್ದಿದೆ. ಹಾಗೇ ಓಡಿಸಿದರೆ ತಿರುಗುವ ಕ್ರ್ಯಾಂಕ್ ಎಂಜಿನ್ ಬ್ಲಾಕನ್ನೇ ಅರೆದುಹಾಕುತ್ತದೆ. ಅಗ್ಗದ ವಾಷರು ಇಡೀ ಎಂಜಿನ್ನನ್ನು ಉಳಿಸುತ್ತದೆ. ಅದಕ್ಕೇ ಟ್ರಯಂಫ್ ಬಲ್ಲವರು ಕಾರು ಕೊಳ್ಳಲು ಹೋದಾಗ ಮೊದಲು ಮಾಡುವ ಪರೀಕ್ಷೆಗಳಲ್ಲಿ ಇದೊಂದು.

ವಾಲ್ವುಗಳ ಕಡೆಗೂ ಗಮನ ಬೇಕು. ಈ ಎಂಜಿನ್ನುಗಳು ಹುಟ್ಟಿದ್ದು ಸೀಸ ಬೆರೆಸಿದ ಪೆಟ್ರೋಲಿನ ಕಾಲದಲ್ಲಿ. ಎಕ್ಸಾಸ್ಟ್ ವಾಲ್ವು ಕೂರುವ ಜಾಗವನ್ನು ಆ ಸೀಸವೇ ಸವೆಯದಂತೆ ಕಾಯುತ್ತಿತ್ತು. ಬ್ರಿಟನ್ನಿನಲ್ಲೂ ಭಾರತದಲ್ಲೂ 2000ದ ಹೊತ್ತಿಗೆ ಅಂಥ ಪೆಟ್ರೋಲು ಬಂಕುಗಳಿಂದ ಹೋಯಿತು. ಹೆಡ್ ಹೇಗೂ ಬಿಚ್ಚಿದ್ದಾಗ ಗಟ್ಟಿ ಉಕ್ಕಿನ ವಾಲ್ವ್ ಸೀಟುಗಳನ್ನು ಕೂರಿಸಿದರೆ ಆ ಚಿಂತೆ ತೀರುತ್ತದೆ.

90 ನಂಬರ್ ಆಯಿಲಿನ ಪಾಠ

ಇಡೀ ಕಾರಿನಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚುವ ಭಾಗ ಮುಂದಿನ ಸಸ್ಪೆನ್ಷನ್ನಿನ ತಳದಲ್ಲಿದೆ. ಮುಷ್ಟಿಯಲ್ಲಿ ಹಿಡಿಯುವಷ್ಟು ದೊಡ್ಡ, ಹಿತ್ತಾಳೆ ಬಣ್ಣದ ಮಿಶ್ರಲೋಹದ ಆ ತುಂಡಿಗೆ ಟ್ರನ್ನಿಯನ್ ಎಂದು ಹೆಸರು. ಒಳಗೆ ಮರೆ (ಥ್ರೆಡ್) ಕೊರೆದಿರುತ್ತದೆ. ಚಕ್ರವನ್ನು ಹಿಡಿದಿರುವ ಉಕ್ಕಿನ ಕಂಬದ ಕೆಳತುದಿಯಲ್ಲೂ ಮರೆ ಇದೆ. ಕಂಬ ಈ ತುಂಡಿನೊಳಗೆ ತಿರುಪಿಕೊಂಡು ಕೂರುತ್ತದೆ. ನೀವು ಸ್ಟಿಯರಿಂಗ್ ತಿರುಗಿಸಿದಾಗಲೆಲ್ಲ ಕಂಬ ಆ ಮರೆಯಲ್ಲಿ ತುಸು ತಿರುಗುತ್ತದೆ. ಎಡಗಡೆಯದು ಬಲಗಡೆಗೆ ಆಗಿಬರುವುದಿಲ್ಲ.

ಇದಕ್ಕೆ ಹಾಕಬೇಕಾದದ್ದು ಗೇರಿನ ಆಯಿಲ್, ನಮ್ಮ ಮೆಕ್ಯಾನಿಕ್‌ಗಳು 90 ನಂಬರ್ ಆಯಿಲ್ ಎನ್ನುವುದು. ಕೆಳಗಿನ ಚಿಕ್ಕ ಪ್ಲಗ್ಗನ್ನು ಬಿಚ್ಚಿ, ಅಲ್ಲಿ ನಿಪ್ಪಲ್ ಹಾಕಿ, ಗನ್ನಿನಿಂದ ಆಯಿಲ್ ಒತ್ತುತ್ತಾ ಹೋದರೆ ಮೊದಲು ಕಪ್ಪಗೆ, ಒಮ್ಮೊಮ್ಮೆ ನೀರು ಬೆರೆತು ಬೆಳ್ಳಗೆ, ಕಡೆಗೆ ತಿಳಿಯಾಗಿ ಮೇಲಿನ ಸೀಲಿನ ಅಂಚಿನಿಂದ ಜಿನುಗುತ್ತದೆ. ತಿಳಿಯಾಗಿ ಬರುವವರೆಗೆ ಒತ್ತಬೇಕು. ನಿಪ್ಪಲ್ ಕಂಡ ಕಡೆಯಲ್ಲೆಲ್ಲ ಗ್ರೀಸ್ ಹೊಡೆಯುವ ರೂಢಿ ಜಗತ್ತಿನ ಎಲ್ಲ ಗ್ಯಾರೇಜುಗಳಲ್ಲೂ ಇದೆ. ಆದರೆ ಗ್ರೀಸು ಇಲ್ಲಿನ ಮರೆಯುದ್ದಕ್ಕೂ ಹರಿಯುವುದಿಲ್ಲ. ಕಾರು ನಿಂತಾಗ ಗಟ್ಟಿಯಾಗಿ ಹೊಸ ಎಣ್ಣೆಗೂ ದಾರಿ ಬಿಡುವುದಿಲ್ಲ. ಮೇಲಿನಿಂದ ಇಳಿದ ನೀರು ಉಕ್ಕಿನ ಮರೆಯನ್ನು ತಿನ್ನುತ್ತದೆ. ಹಾಗೆ ಸೊರಗಿದ ಕಂಬ ಒಂದು ದಿನ ಮುರಿದು ಚಕ್ರ ಮಡಚಿಕೊಳ್ಳುತ್ತದೆ. ಲೋಟಸ್ ಎಲಾನ್‌ನಂಥ ಹೆಸರುವಾಸಿ ಸ್ಪೋರ್ಟ್ಸ್ ಕಾರಿನಲ್ಲೂ ಟ್ರಯಂಫಿನ ಇದೇ ಏರ್ಪಾಡಿತ್ತು. ಭಾಗದಲ್ಲಿ ದೋಷವಿದೆ ಎಂದು ದೂರುವವರಿದ್ದಾರೆ. ನನ್ನ ಮಟ್ಟಿಗೆ, ಹೇಳಿದ ಎಣ್ಣೆಯನ್ನು ಹೇಳಿದ ಹೊತ್ತಿಗೆ ಹಾಕಿದರೆ ದಶಕಗಳ ಕಾಲ ದುಡಿಯುವ ಭಾಗ ಇದು. ಹಳೆಯ ಯಂತ್ರವನ್ನು ಅದರ ಶರತ್ತಿನ ಮೇಲೆಯೇ ನೋಡಿಕೊಳ್ಳಬೇಕು.

ಹಿಂಬದಿಗೂ ಅದರದೇ ಸ್ವಭಾವವಿದೆ. ತಿರುವಿನಲ್ಲಿ ವೇಗವಾಗಿ ಹೋಗುತ್ತಾ ಥಟ್ಟನೆ ಆಕ್ಸಿಲರೇಟರ್ ಬಿಟ್ಟರೆ ಹೊರಗಿನ ಚಕ್ರ ಒಳಕ್ಕೆ ಮಡಚಿಕೊಳ್ಳುವ ಅಪಾಯ ಮೊದಲ ಮಾದರಿಗಳಲ್ಲಿತ್ತು. 1970ರಲ್ಲಿ ಬಂದ ನಾಲ್ಕನೇ ಮಾದರಿಯಲ್ಲಿ ಪಟ್ಟಾದ ಜೋಡಣೆ ಬದಲಿಸಿ ಅದನ್ನು ಹತೋಟಿಗೆ ತಂದರು. ಮದ್ರಾಸಿನವರು 1970ರ ದಶಕದ ಸ್ಟ್ಯಾಂಡರ್ಡ್ ಗೆಜೆಲ್‌ನಲ್ಲಿ ಆ ಏರ್ಪಾಡನ್ನೇ ಬಿಟ್ಟು ಒಂದೇ ಗಟ್ಟಿ ಆಕ್ಸಲ್ ಹಾಕಿದರು.

ಉಸಿರು, ನರ, ಬಣ್ಣ

ಬ್ರೇಕಿನ ವಿಷಯದಲ್ಲಿ ಉಳಿತಾಯದ ಮಾತೇ ಬೇಡ. ಸಿಲಿಂಡರು, ರಬ್ಬರ್ ಹೋಸು, ಪೈಪುಗಳನ್ನು ಹೊಸದಾಗಿಯೇ ಹಾಕಬೇಕು. ಟೈರಿನ ಗೆರೆ ಹೊಸದರಂತಿದ್ದರೂ ವಯಸ್ಸಾದ ಟೈರನ್ನು ನಂಬಬಾರದು. ಪಕ್ಕದಲ್ಲಿ ಒತ್ತಿರುವ ನಾಲ್ಕಂಕಿಯ ಸಂಖ್ಯೆ ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತದೆ. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಬೆರೆತಿರುತ್ತದೆ. ಬ್ರಿಟನ್ನಿನಲ್ಲಿ 2021ರಿಂದ ಶೇ 10ರವರೆಗೆ, ನಮ್ಮಲ್ಲಿ ಈಗ ಶೇ 20. ಹಳೆಯ ರಬ್ಬರನ್ನು ಅದು ಮೆತ್ತಗಾಗಿಸುವುದರಿಂದ ಪೆಟ್ರೋಲ್ ಪೈಪುಗಳನ್ನೂ ಎಥೆನಾಲ್ ತಡೆಯುವ ಜಾತಿಯವಕ್ಕೆ ಬದಲಿಸಬೇಕು.

ಆರಂಭದ ಸ್ಪಿಟ್‌ಫೈರ್‌ಗಳಿಗೆ ಎರಡು ಎಸ್‌ಯು ಕಾರ್ಬೊರೇಟರುಗಳಿವೆ. ಮೇಲಿನ ಗಂಟೆಯಾಕಾರದ ಡಬ್ಬಿಯನ್ನು ಬಿಚ್ಚಿ, ಗೋಡೆಗೆ ಹತ್ತಿದ ಕಂದು ಅಂಟನ್ನು ಒರೆಸಿ, ಮತ್ತೆ ಜೋಡಿಸಿ ಒಳಗಿನ ಪಿಸ್ಟನ್ನನ್ನು ಬೆರಳಿನಿಂದ ಎತ್ತಿ ಬಿಡಿ. ಅದು ಸರಾಗವಾಗಿ ಇಳಿದು ತಳಕ್ಕೆ ‘ಟಕ್’ ಎಂದು ಬಡಿದರೆ ಸೂಜಿ ನೆಟ್ಟಗಿದೆ, ಜೆಟ್ಟು ನಡುವಿನಲ್ಲಿದೆ. ಸದ್ದು ಬರದಿದ್ದರೆ ಎಲ್ಲೋ ಉಜ್ಜುತ್ತಿದೆ. ಕಂಪ್ಯೂಟರಿಲ್ಲ, ಮೀಟರಿಲ್ಲ, ಕಿವಿಯೇ ತಪಾಸಣೆ ಮುಗಿಸುತ್ತದೆ.

ವೈರಿಂಗ್ ನೋಡಿ ಹೆದರುವವರಿಗೆ ಲೂಕಾಸ್ ಕಂಪನಿಯ ಬಣ್ಣಗಳೇ ನಕ್ಷೆ: ಕಂದು ವೈರಿನಲ್ಲಿ ಬ್ಯಾಟರಿಯ ಕರೆಂಟು ಸದಾ ಇರುತ್ತದೆ, ಬಿಳಿಯದರಲ್ಲಿ ಚಾವಿ ತಿರುಗಿಸಿದಾಗ ಬರುತ್ತದೆ, ಹಸಿರು ಫ್ಯೂಸ್ ದಾಟಿ ಬಂದದ್ದು, ಕಪ್ಪು ಅರ್ಥ್. ದೀಪ ಮಂಕಾದರೆ, ಇಂಡಿಕೇಟರ್ ಹಾಕಿದಾಗ ಬೇರೇನೋ ಮಿನುಗಿದರೆ ಮೊದಲು ಕಪ್ಪು ವೈರು ಬಾಡಿಗೆ ಸೇರುವ ಜಾಗದ ತುಕ್ಕು ಉಜ್ಜಿ ನೋಡಿ. ಬಹುಪಾಲು ರೋಗ ಅಲ್ಲೇ ವಾಸಿಯಾಗುತ್ತದೆ. ಮೊದಲ ಎರಡು ಮಾದರಿಗಳಲ್ಲಿ ಬ್ಯಾಟರಿಯ ಪ್ಲಸ್ ತುದಿಯೇ ಅರ್ಥ್ ಎಂಬುದನ್ನು ಮಾತ್ರ ಮರೆಯಬಾರದು.

ಎಲ್ಲರ ಕಣ್ಣಿಗೆ ಬೀಳುವ ಬಣ್ಣ ಕೊನೆಯ ಕೆಲಸ. ಈಗಿನ ಟು-ಪ್ಯಾಕ್ ಬಣ್ಣಗಳಲ್ಲಿರುವ ಐಸೊಸಯನೇಟ್ ಶ್ವಾಸಕೋಶಕ್ಕೆ ವಿಷ. ಹೊರಗಿನಿಂದ ಗಾಳಿ ಪೂರೈಸುವ ಮುಖವಾಡವಿಲ್ಲದೆ ಅದನ್ನು ಸಿಂಪಡಿಸಬಾರದು. ಮನೆಯಲ್ಲಿ ಪ್ರೈಮರ್‌ವರೆಗೆ ಮುಗಿಸಿ ಬಣ್ಣವನ್ನು ಬೂತಿಗೆ ಬಿಡುವುದು ಕ್ಷೇಮ. ಬಣ್ಣ ಹಳೆಯದಾಗಿದ್ದರೂ ಗಟ್ಟಿಯಾಗಿ ನಿಂತಿದ್ದರೆ ಅದನ್ನು ತೆಗೆಯಲೂ ಬಾರದು. ಭಾರ ಹೊರುವ, ಕಾರನ್ನು ನಿಲ್ಲಿಸುವ, ತಿರುಗಿಸುವ ಭಾಗ ಯಾವುದಿದ್ದರೂ ಅನುಮಾನ ಬಂದೊಡನೆ ಹೊಸದಾಗಲಿ. ಬರೀ ನೋಟಕ್ಕಿರುವ ಭಾಗ ಆದಷ್ಟು ಹಳೆಯದೇ ಉಳಿಯಲಿ. ಸೀಟಿನ ಮಾಸಿದ ಹೊದಿಕೆ, ಸವೆದ ಸ್ಟಿಯರಿಂಗ್ ಆ ಕಾರು ಬಾಳಿದ್ದಕ್ಕೆ ಸಾಕ್ಷಿ. ಅವನ್ನು ಕಿತ್ತೆಸೆದು ಹೊಳೆಯುವಂತೆ ಮಾಡಿದ ಕಾರಿನಲ್ಲಿ ಹಳೆಯದು ಉಳಿಯುವುದು ನಂಬರ್ ಫಲಕ ಮಾತ್ರ.

ಓಡಿದರೆ ಉಳಿವು

ಲೆಕ್ಕ ಹಾಕಿದರೆ ಇಂಥ ಕಾರಿಗೆ ಮಾಡಿದ ಖರ್ಚು ಮಾರಿದಾಗ ಹಿಂದಕ್ಕೆ ಬರುವುದು ಅಪರೂಪ. ಹಾಗಾದರೆ ಗಳಿಕೆ ಏನು? ಒಂದು ಯಂತ್ರವನ್ನು ತಲೆಯಿಂದ ಕಾಲಿನವರೆಗೆ ಬಲ್ಲವರಾಗುವುದೇ ಗಳಿಕೆ, ಮತ್ತು ಅದನ್ನು ಓಡಿಸುವುದು. ವಾರಕ್ಕೋ ಎರಡು ವಾರಕ್ಕೋ ಒಮ್ಮೆ ಎಂಜಿನ್ ಪೂರ್ತಿ ಬಿಸಿಯಾಗುವಷ್ಟು ದೂರ ಹೋಗಿ ಬಂದರೆ ಎಣ್ಣೆ ಎಲ್ಲ ಕಡೆ ಹರಿಯುತ್ತದೆ, ತೇವ ಆವಿಯಾಗುತ್ತದೆ, ಬ್ರೇಕು ಕಚ್ಚಿಕೊಳ್ಳುವುದಿಲ್ಲ. ನಿಂತಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿ ಆರಿಸುವುದು ಕೆಡುಕು. ಎಂಜಿನ್ ಬಿಸಿಯಾಗದೆ ಸೈಲೆನ್ಸರಿನೊಳಗೆ ನೀರು ನಿಲ್ಲುತ್ತದೆ. ಬ್ರಿಟನ್ನಿನಲ್ಲಿ 40 ವರ್ಷ ದಾಟಿದ, ಹೆಚ್ಚು ಮಾರ್ಪಡಿಸದ ಕಾರುಗಳಿಗೆ 2018ರಿಂದ ವಾರ್ಷಿಕ ತಪಾಸಣೆಯ ಕಡ್ಡಾಯವಿಲ್ಲ. ಆದರೆ ಕಾರು ರಸ್ತೆಗೆ ತಕ್ಕುದಾಗಿರಬೇಕೆಂಬ ಹೊಣೆ ಮಾಲೀಕರ ಮೇಲೇ ಇದೆ.

ಭಾರತದಲ್ಲಿ 2021ರ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲೇ ಇರುವ ಕಾರನ್ನು ‘ವಿಂಟೇಜ್’ ಎಂದು ನೋಂದಾಯಿಸಬಹುದು. ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ. ಮೊದಲೇ ನೋಂದಣಿಯಾದ ಕಾರು ತನ್ನ ಹಳೆಯ ನಂಬರನ್ನು ಉಳಿಸಿಕೊಳ್ಳಬಹುದು. ಅದನ್ನು ದಿನನಿತ್ಯ ರಸ್ತೆಯಲ್ಲಿ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿಗಳಿಗೆ, ಪೆಟ್ರೋಲಿಗೆ, ನಿರ್ವಹಣೆಗೆ ಓಡಿಸಲು ಅಡ್ಡಿಯಿಲ್ಲ. ಕಾರನ್ನು ಕೆಡದಂತೆ ಇಡಲು ಅಷ್ಟು ಓಟ ಸಾಕು. ಸ್ಟ್ಯಾಂಡರ್ಡ್ ಹೆರಾಲ್ಡ್‌ಗಳು ಈಗ ಆ ವಯಸ್ಸಿಗೆ ಬಂದಿವೆ. ಹಳೆಯ ಕಾರಿಗೆ ಹೊಸ ಕಾರಿನ ಎಂಜಿನ್ ಕೂರಿಸುವ ರೂಢಿಯನ್ನು ಕೈಬಿಡಲು ಇದೂ ಒಂದು ಕಾರಣ.

ಹಳೆಯ ಕಾರುಗಳನ್ನು ನೋಡಲು ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯಕ್ಕೋ ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಕಾರು ಸಂಗ್ರಹಾಲಯಕ್ಕೋ ಹೋಗಬಹುದು. ಕಾರುಗಳನ್ನು ಅಲ್ಲಿ ಉಳಿಸಿದ್ದಾರೆ. ಅವುಗಳನ್ನು ಬಿಚ್ಚಿ ಜೋಡಿಸುವ ತಿಳಿವಳಿಕೆಯನ್ನು ಉಳಿಸುವ ಕೆಲಸ ನಮ್ಮದು. ಇಂಗ್ಲೆಂಡಿನಲ್ಲಿ ಕಾರ್ಖಾನೆಯ ಕೈಪಿಡಿಗಳಿವೆ, ಕ್ಲಬ್ಬುಗಳ ಪತ್ರಿಕೆಗಳಿವೆ. ನಮ್ಮಲ್ಲಿ ಹೆರಾಲ್ಡಿನ ವಿದ್ಯೆ ಇರುವುದು ವಯಸ್ಸಾದ ಮೆಕ್ಯಾನಿಕ್‌ಗಳ ಕೈಯಲ್ಲಿ. ಅದು ಕನ್ನಡದಲ್ಲಿ ಪುಸ್ತಕಕ್ಕೆ ಇಳಿದದ್ದು ತೀರ ಕಡಿಮೆ. ಮನೆಯ ಶೆಡ್ಡಿನಲ್ಲಿ ಹೆರಾಲ್ಡ್ ಇರುವವರು ಮೊದಲು ಮಾಡಬೇಕಾದ ಕೆಲಸ ಇದು: ಊರಿನ ಹಳೆಯ ಮೇಸ್ತ್ರಿಯನ್ನು ಮನೆಗೆ ಕರೆಯಿರಿ, ಕಾರಿನ ಪಕ್ಕ ಕುರ್ಚಿ ಹಾಕಿ ಕೂರಿಸಿ, ಅವರು ಹೇಳಿದ್ದನ್ನೆಲ್ಲ ಬರೆದುಕೊಳ್ಳಿ. ಸ್ಪ್ಯಾನರ್ ಆಮೇಲೆ ಹಿಡಿದರಾಯಿತು.